ಆರಿನ್ ಮುಚ್ಚಿಟ್ಟ ಮಂಡಿನೋವು

ಹುಲ್ಲಿನ ಮೇಲೆ ವರ್ಷದ ಮೊದಲ ಹಿಮ ಕಟ್ಟಿತೆಂದರೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪೆಕ್ಸ್ ಹಾಲೋ ಊರಿನವರಿಗೆ ಒಂದು ನಿರಾಳ. ಇನ್ನು ರಕ್ತ ಹೀರುವ ಉಣುಗಿನ ಕಾಟ ಮುಗಿಯಿತು ಎಂದುಕೊಂಡು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕುವುದನ್ನು ಬಿಡುತ್ತಾರೆ. ಸಂಜೆ ಮೈ ತಡವಿ ನೋಡಿಕೊಳ್ಳುವುದನ್ನೂ ಬಿಡುತ್ತಾರೆ.

ಕಲ್ಲುಗೋಡೆ ಕಟ್ಟುವ ಆರಿನ್ ಚಾಂಪ್ಲಿನ್ ಕಾಯುತ್ತಿದ್ದುದೇ ಆ ದಿನಕ್ಕೆ. ಮರಗಳ ಎಲೆಯೆಲ್ಲ ಉದುರಿ, ಗುಡ್ಡದ ಉದ್ದಕ್ಕೂ ಹರಿದ ಹಳೆಯ ಗೋಡೆಗಳು ಮತ್ತೆ ಕಾಣುವ ಕಾಲವದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಅಪ್ಪ ಕಟ್ಟಿದ್ದ ಗೋಡೆಗಳವು. ಬಿದ್ದ ಕಲ್ಲನ್ನು ಎತ್ತುವಾಗಲೆಲ್ಲ ಅಪ್ಪನ ಕೈ ತಾಕಿದಂತಾಗುತ್ತಿತ್ತು ಅವನಿಗೆ. ಒಂದು ವರ್ಷ ಆ ಹಿಮ ಕಟ್ಟಿದ ಮೇಲೆ ಅವನು ಅಂಗಿಯ ತೋಳು ಮಡಚಿ, ಗೋಡೆಯ ಬುಡದ ಓಕ್ ಎಲೆಗಳ ರಾಶಿಯಲ್ಲಿ ಮಂಡಿಯೂರಿ ಕೆಲಸ ಮಾಡಿದ. ಎಲೆಯಡಿ ಬೆಚ್ಚಗೆ ಕೂತ ಉಣುಗು ಹಿಮಕ್ಕೆ ಸಾಯುವುದಿಲ್ಲ, ಸ್ವಲ್ಪ ಬಿಸಿಲು ಬಂದರೂ ಹೊರಬೀಳುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ತಿಳಿಯುವುದಾದರೂ ಹೇಗೆ? ಅವನು ಹುಡುಗನಾಗಿದ್ದಾಗ ಗೋಡೆಗಳ ನಡುವೆ ಇದ್ದುದು ಹುಲ್ಲುಗಾವಲು. ಹಸು ಮೇಯುತ್ತಿತ್ತು. ಮಕ್ಕಳು ಬರಿಗಾಲಲ್ಲಿ ಓಡಿ, ಒಣಹುಲ್ಲಿನಲ್ಲಿ ಹೊರಳಾಡಿ, ಹಾಗೆಯೇ ಊಟಕ್ಕೆ ಬಂದು ಕೂರುತ್ತಿದ್ದರು. ಅಮ್ಮ ಕೈ ತೊಳೆದೆಯಾ ಎಂದು ಕೇಳುತ್ತಿದ್ದಳೇ ಹೊರತು, ಕಿವಿಯ ಹಿಂದೆ ಉಣುಗು ಹುಡುಕಿದವಳಲ್ಲ. ಈಗ ಹಸುಗಳಿಲ್ಲ. ಕಾಡು ಗೋಡೆ ದಾಟಿ ಹಿತ್ತಲಿಗೆ ಬಂದಿದೆ, ಜಿಂಕೆಗಳು ಅಡುಗೆಮನೆಯ ಕಿಟಕಿಯಲ್ಲಿ ಇಣುಕುತ್ತವೆ. ಅವುಗಳ ಜೊತೆ ಉಣುಗೂ ಬಂದಿದೆ.

ಚಳಿಗಾಲ ಕಳೆಯುವಷ್ಟರಲ್ಲಿ ಆರಿನ್‌ನ ಮಂಡಿ ಕುಂಬಳಕಾಯಿಯಂತೆ ಊದಿತು. ಉಣುಗು ಕಚ್ಚಿ ಬರುವ, ಪಕ್ಕದ ಲೈಮ್ ಊರಿನ ಹೆಸರು ಹೊತ್ತ ಲೈಮ್ ಕಾಯಿಲೆ ಅದು. ಊರಿನ ಡಾಕ್ಟರ್ ವಿನಿಫ್ರೆಡ್ ಹ್ಯಾಸ್ಕೆಲ್ ಕೆಲವು ವಾರಗಳ ಔಷಧಿ ಕೊಟ್ಟರು. ಊತ ಇಳಿಯಿತು. ಬೇಸಿಗೆಗೆ ಮತ್ತೆ ಬಂತು. ಆದರೆ ಈ ಸಲ ಆರಿನ್ ಅವರ ಬಳಿ ಹೋಗಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದು ಡಾಕ್ಟರ್ ಕೇಳಿದರೆ, ನೆಟ್ಟಗೆ ನಿಂತು, ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಚರ್ಚಿನ ಮೆಟ್ಟಿಲ ಮೇಲೆ ನಿಂತು ಸುಳ್ಳು ಹೇಳುವ ಗಂಡನನ್ನು ಕಂಡು ಹೆಂಡತಿ ಲವೀನಾಗೆ ಒಳಗೇ ಕುದಿಯುತ್ತಿತ್ತು.

ಒಂದು ಶನಿವಾರ ನೆರೆಯ ಡೆಲ್ಫೀನ್ ಊಟಕ್ಕೆ ಬಂದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಅವಳು. ಆರಿನ್ ಮೆಟ್ಟಿಲು ಇಳಿಯುವುದನ್ನು ನೋಡುತ್ತಾ ನಿಂತಳು.

"ಏನಪ್ಪಾ ಆರಿನ್, ಏಡಿ ತರ ಅಡ್ಡಡ್ಡ ಇಳೀತಿದ್ದೀಯ?"

"ವಯಸ್ಸಾಯ್ತಲ್ಲಮ್ಮ."

"ವಯಸ್ಸು ಒಂದೇ ಮಂಡಿಗೆ ಬರುತ್ತಾ? ಇನ್ನೊಂದು ನಿನ್ನ ತಮ್ಮಂದಾ?"

ಲವೀನಾ ಬೀನ್ಸಿನ ಮಡಕೆಯನ್ನು ಮೇಜಿನ ಮೇಲೆ ಕುಕ್ಕಿದಳು. ಗಂಡ ಬೇಡವೆಂದು ಕಣ್ಣಲ್ಲೇ ಹೇಳಿದರೂ ಎಲ್ಲವನ್ನೂ ಬಿಚ್ಚಿಟ್ಟಳು. ಹಿಂದೆ ಯಾವುದೋ ಊರಿನ ಡಾಕ್ಟರೊಬ್ಬರು ಲೈಮ್ ರೋಗಿಗಳಿಗೆ ತಿಂಗಳುಗಟ್ಟಲೆ ಔಷಧಿ ಕೊಟ್ಟರಂತೆ, ಅದಕ್ಕೆ ವಿಚಾರಣೆ ನಡೆದು ದವಾಖಾನೆಗೇ ಬೀಗ ಬಿತ್ತಂತೆ. ಅದನ್ನು ಕೇಳಿದಂದಿನಿಂದ ಈ ಮನುಷ್ಯ ತನ್ನ ನೋವನ್ನು ನುಂಗಿಕೊಂಡು ಕೂತಿದ್ದಾನೆ.

ಆರಿನ್‌ಗೆ ಹಳೆಯದು ನೆನಪಾಯಿತು. ಡಾಕ್ಟರ್ ಹ್ಯಾಸ್ಕೆಲ್ ಅವರ ತಂದೆಯೂ ಇದೇ ಊರಿಗೆ ಡಾಕ್ಟರಾಗಿದ್ದರು. ಹಿಮ ಸುರಿಯುವಾಗಲೂ ಹಳೇ ಕಾರಿನಲ್ಲಿ ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದ ಪುಟ್ಟ ಹುಡುಗಿ, ಇಂದಿನ ಈ ಡಾಕ್ಟರ್. ಆರಿನ್‌ಗೆ ಜ್ವರ ಬಂದಾಗ ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟವಳು ಆ ಹುಡುಗಿಯೇ.

"ನನ್ನ ಮಂಡಿಗೋಸ್ಕರ ಆ ಹುಡುಗಿ ಲೈಸೆನ್ಸ್ ಹೋಗ್ಬೇಕಾ?" ಎಂದ. "ಆಮೇಲೆ ಈ ಊರಿಗ್ಯಾರು?"

ಡೆಲ್ಫೀನ್ ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅದು ಹಳೇ ಕಥೆ ಕಣಪ್ಪ. ಈಗ ನಮ್ಮ ಕನೆಕ್ಟಿಕಟ್‌ನಲ್ಲಿ ಕಾನೂನು ಬಂದಿದೆ. ಡಾಕ್ಟ್ರು ರೋಗೀನ ಪರೀಕ್ಷೆ ಮಾಡಿ, ಇದು ಲೈಮೇ ಅಂತ ಗೊತ್ತುಮಾಡ್ಕೊಂಡು, ಅದನ್ನ ರೋಗಿಯ ದಾಖಲೇಲಿ ಬರೆದಿಟ್ರೆ ಸಾಕು. ಔಷಧಿ ಹೆಚ್ಚು ದಿನ ಕೊಟ್ರು ಅನ್ನೋ ಒಂದೇ ಕಾರಣಕ್ಕೆ ಅವರ ಮೇಲೆ ಕ್ರಮ ತಗೊಳ್ಳೋ ಹಾಗಿಲ್ಲ."

ಹಾಗಾದರೆ ಯಾರು ಏನು ಬೇಕಾದರೂ ಕೊಡಬಹುದಲ್ಲ ಎಂದು ಆರಿನ್ ಕೊಂಕು ತೆಗೆದ. ಹಾಗಲ್ಲ ಎಂದಳು ಡೆಲ್ಫೀನ್. ಅಜಾಗರೂಕತೆ ಮಾಡಿದರೆ ಕಾನೂನು ಯಾರನ್ನೂ ಕಾಯುವುದಿಲ್ಲ. ಕೇಳಿದ ಔಷಧಿಯನ್ನೆಲ್ಲ ಕೊಡಲೇಬೇಕೆಂದೂ ಹೇಳುವುದಿಲ್ಲ. ಹೆಚ್ಚು ದಿನದ ಔಷಧಿ ಒಳ್ಳೆಯದೋ ಅಲ್ಲವೋ ಎಂದು ಡಾಕ್ಟರುಗಳಲ್ಲೇ ಒಮ್ಮತವಿಲ್ಲ. ಡಾಕ್ಟರು ಹೆದರಿಕೆಯಿಲ್ಲದೆ, ತಮ್ಮ ಬುದ್ಧಿಗೆ ಸರಿ ಕಂಡದ್ದನ್ನು ರೋಗಿಯ ಜೊತೆ ಕೂತು ತೀರ್ಮಾನಿಸಲಿ ಎಂಬುದಷ್ಟೇ ಕಾನೂನಿನ ಆಶಯ.

ಸೋಮವಾರ ಲವೀನಾ ಗಂಡನ ಕೋಟು ಹಿಡಿದು ಬಾಗಿಲಲ್ಲಿ ನಿಂತಳು. ಆರಿನ್ ಅದರೊಳಗೆ ತೋಳು ತೂರಿಸಿದ.

ಡಾಕ್ಟರ್ ಹ್ಯಾಸ್ಕೆಲ್ ಮಂಡಿಯನ್ನು ಒತ್ತಿ, ಬಗ್ಗಿಸಿ ನೋಡಿದರು. ಇಷ್ಟು ದಿನ ಯಾಕೆ ಬರಲಿಲ್ಲವೆಂದು ಕೇಳಿದರು. ಲವೀನಾ ಕಾರಣ ಹೇಳಿದಾಗ ಅವರು ಕನ್ನಡಕ ತೆಗೆದು, ಒರೆಸಿ, ಒರೆಸುತ್ತಲೇ ಇದ್ದರು.

"ಆರಿನ್, ನನ್ನನ್ನ ಕಾಯೋಕೆ ಕಾನೂನಿದೆ. ಅದರ ಮೇಲೆ ದೇವರಿದ್ದಾನೆ. ನೀನು ನೋವು ಮುಚ್ಚಿಟ್ರೆ ನಿನ್ನನ್ನ ನಾನು ಹೇಗಪ್ಪಾ ಕಾಯ್ಲಿ?"

ಆಮೇಲೆ ನಿಧಾನವಾಗಿ ವಿವರಿಸಿದರು. ಮೊದಲು ಮಂಡಿಯ ನೀರು ತೆಗೆದು ಪರೀಕ್ಷಿಸಬೇಕು, ಬೇರೆ ಕಾಯಿಲೆ ಇದೆಯೇ ನೋಡಬೇಕು. ಔಷಧಿಯೇ ಬೇಕೆನಿಸಿದರೆ ಕೊಡೋಣ, ಹೊಟ್ಟೆ ಕೆಟ್ಟರೆ ನಿಲ್ಲಿಸೋಣ, ಗುಣ ಕಾಣದಿದ್ದರೆ ಬೇರೆ ದಾರಿ ಹುಡುಕೋಣ ಎಂದರು. ಪೂರ್ತಿ ವಾಸಿಮಾಡುತ್ತೇನೆಂದು ಮಾತು ಕೊಡಲಿಲ್ಲ. ಪ್ರತಿ ಸಲವೂ ಇದ್ದದ್ದು ಇದ್ದಂತೆ ಹೇಳಬೇಕೆಂದು ಅವನಿಂದ ಮಾತು ತೆಗೆದುಕೊಂಡರು.

ಪರೀಕ್ಷೆಯಲ್ಲಿ ಲೈಮೇ ಎಂದು ಗೊತ್ತಾಯಿತು, ಮತ್ತೆ ಔಷಧಿ ಶುರುವಾಯಿತು. ವಾರಗಳು ಕಳೆದಂತೆ ಊತ ಇಳಿಯಿತು. ಬಿಗಿತ ಸ್ವಲ್ಪ ಉಳಿಯಿತು. ಮೇಪಲ್ ಮರಗಳು ಕೆಂಪಾಗುವ ಹೊತ್ತಿಗೆ ಆರಿನ್ ಮತ್ತೆ ಅಪ್ಪನ ಗೋಡೆಯ ಬಳಿ ಹೋದ. ದೊಡ್ಡ ಕಲ್ಲುಗಳನ್ನು ಬಿಟ್ಟು, ಕೈಗೆ ದಕ್ಕುವ ಕಲ್ಲನ್ನೇ ಎತ್ತಿ ಕೂರಿಸಿದ. ಮುಂದಿನ ಭಾನುವಾರ ಪ್ರಾರ್ಥನೆಯ ನಂತರ ಡಾಕ್ಟರ್ ಹೇಗಿದ್ದೀಯ ಎಂದು ಕೇಳಿದರು.

"ಎಡಮಂಡಿ ಬೆಳಿಗ್ಗೆ ಹಿಡ್ಕೊಳ್ಳುತ್ತೆ ಡಾಕ್ಟ್ರೇ," ಎಂದ ಆರಿನ್, ಎಲ್ಲರಿಗೂ ಕೇಳುವಂತೆ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ಹಿಮ ಬಿದ್ದ ಮೇಲೂ ಸಂಜೆ ಮೈ ನೋಡಿಕೊಳ್ಳಿ. ಉಣುಗು ಕಚ್ಚಿದರೆ, ಕೆಂಪು ಬಳೆಯಂಥ ಗುರುತು, ಜ್ವರ, ಊತ ಕಂಡರೆ ಬೇಗ ತೋರಿಸಿ. ನಿಮ್ಮ ರಾಜ್ಯದ ಕಾನೂನು ಏನು ಹೇಳುತ್ತದೆಂದು ಕೇಳಿ ತಿಳಿಯಿರಿ. ಯಾರದೋ ಹಳೇ ಕಥೆ ನಂಬಿ ನಿಮ್ಮ ಡಾಕ್ಟರಿಂದ ನೋವನ್ನು ಬಚ್ಚಿಡಬೇಡಿ. ನಿಮ್ಮ ಪಕ್ಕದಲ್ಲಿ ಯಾರಾದರೂ ಮೆಟ್ಟಿಲನ್ನು ಅಡ್ಡಡ್ಡ ಇಳಿಯುತ್ತಿದ್ದರೆ, ಅವರ ಕೋಟು ಹಿಡಿದು ಬಾಗಿಲಲ್ಲಿ ನಿಲ್ಲಿ.