ಅಲ್ಲಲ್ಲಿ ಮಳೆ

ಇದು ನಡೆದದ್ದೇ, ಇದರೊಳಗಿನ ಮಳೆಯೊಂದು ಮಾತ್ರ ಸುಳ್ಳು.

ಶಾಮಿಯಾನದ ಹೂವಯ್ಯ ತನ್ನ ಗೋದಾಮಿನ ಶಟರನ್ನು ನೆಲ ಮುಟ್ಟುವವರೆಗೆ ಎಳೆದ. ಆಮೇಲೆ ಫ್ಯಾನನ್ನೂ ಆರಿಸಿದ.

"ಫ್ಯಾನ್ ಯಾಕೆ ಹೂವಣ್ಣ?" ಎಂದ ಗಣೇಶ.

"ರೆಕಾರ್ಡಿಂಗ್‌ನಾಗೆ ಗರಗರ ಅಂತ ಬರ್ತದೆ ಮಾರಾಯ. ಹವಾಮಾನ ಆಫೀಸಂದ್ರೆ ಏಸಿ ಇರ್ತದೆ. ಅಲ್ಲಿ ಗರಗರ ಎಲ್ಲಿಂದ ಬರ್ಬೇಕು?"

ಸಾಗರದ ಇಕ್ಕೇರಿ ರಸ್ತೆಯ ಬಸ್ಸುಗಳ ಸದ್ದು ಶಟರಿನಾಚೆ ಉಳಿಯಿತು. ತಲೆಯ ಮೇಲೆ ಸಿಮೆಂಟ್ ಶೀಟು, ಅದರ ಮೇಲೆ ಚೈತ್ರದ ಬಿಸಿಲು. ಸುತ್ತ ಮಡಿಚಿಟ್ಟ ಶಾಮಿಯಾನದ ಗಂಟುಗಳು, ಒಂದರೊಳಗೊಂದು ಕೂತ ಪ್ಲಾಸ್ಟಿಕ್ ಕುರ್ಚಿಗಳು. ಮದುವೆಯ ಕಾಲದಲ್ಲಿ ಈ ಗೋದಾಮು ಖಾಲಿ ಹೊಡೆಯಬೇಕಿತ್ತು. ಹೊಡೆಯದೇ ಇದ್ದುದಕ್ಕೆ ಕಾರಣ ಯಾವುದೋ ಅದೇ ನಡುವಿನ ಕುರ್ಚಿಯಲ್ಲಿ ಕೂತು ಬೆವರುತ್ತಿತ್ತು. ಹೂವಯ್ಯನಿಗೆ ಅದು ತಿಳಿದಿಲ್ಲ ಎಂಬುದೊಂದೇ ಗಣೇಶನಿಗಿದ್ದ ಧೈರ್ಯ.

ಗಣೇಶ ಆಟೋಗೆ ಮೈಕು ಕಟ್ಟಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತುವವನು. ಸೀರೆ ಮಾರಾಟ, ವಾಲಿಬಾಲ್ ಪಂದ್ಯ, ಕರೆಂಟಿಲ್ಲದ ಮಂಗಳವಾರ, ಎಲ್ಲಕ್ಕೂ ಅವನದೇ ಗಂಟಲು. ಬಿ.ಎ. ಓದುವಾಗ ಪ್ರಿನ್ಸಿಪಾಲರ ದನಿಯಲ್ಲಿ ಇಡೀ ಕಾಲೇಜಿಗೆ ರಜೆ ಕೊಟ್ಟವನು. ಹೂವಯ್ಯ ಈ ಸಲ ಚಪ್ಪರದ ಒಳಮಾಡಿಗೆ ಹೊಸ ಸೀಲಿಂಗ್ ಬಟ್ಟೆ ತರಿಸಿ, ಚಿನ್ನದ ಬಣ್ಣ, ರೇಷ್ಮೆಯ ಹೊಳಪು, ಒಂದು ಹನಿ ಬಿದ್ದರೂ ಕಲೆ, ಎಂದು ಸಿಕ್ಕಸಿಕ್ಕವರಿಗೆಲ್ಲ ಹೊಗಳಿಕೊಂಡಿದ್ದ. ಅವನು ಒಂದು ಸಲ ಗಾಬರಿಬಿದ್ದು ಬಟ್ಟೆ ಮಡಿಚುವುದನ್ನು ನೋಡಬೇಕೆಂದು ಹೋದ ವಾರ ಗಣೇಶನಿಗೆ ಆಸೆಯಾಗಿತ್ತು. ಟೀವಿಯಲ್ಲಿ ಬರುವ ಹವಾಮಾನ ಅಧಿಕಾರಿ ಮೂಗಿನೊಳಗೇ ಮೋಡ ಕಟ್ಟಿಕೊಂಡು ಮಾತಾಡುತ್ತಾರೆ. ಅದೇ ದನಿಯಲ್ಲಿ ಮಲೆನಾಡಿನ ವಸಂತ ಕಾಲದ ಮುನ್ನೋಟವನ್ನು ಫೋನಿಗೆ ಹೇಳಿ, ಗೆಳೆಯರ ವಾಟ್ಸಾಪ್ ಗುಂಪಿಗೆ ಬಿಟ್ಟ: "ಮೂರೂ ತಾಲ್ಲೂಕುಗಳ ಅಲ್ಲ... ಅಲ್ಲಿ, ತಿಂಗಳಿಡೀ ಗುಡುಗು ಸಹಿತ ಆಲಿಕಲ್ಲು ಮಳೆ."

ಆ 'ಅಲ್ಲಲ್ಲಿ'ಯನ್ನು ಅವನು ಬೇಕೆಂದೇ ಮುರಿದಿದ್ದ. ಇಲ್ಲಿ ಅಲ್ಲ, ಅಲ್ಲಿ ಎಂದು. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ ಅಂದುಕೊಂಡ. ಒಬ್ಬರಿಗೂ ಶ್ಲೇಷೆ ತಾಗಲಿಲ್ಲ, ಮಳೆ ಮಾತ್ರ ತಾಗಿತು. ಸಂಜೆಗೆ ಅದು ಹೊಸನಗರ ದಾಟಿತ್ತು. ಮರುದಿನ ಬೆಳಿಗ್ಗೆ ತೀರ್ಥಹಳ್ಳಿಯಿಂದ ಗಣೇಶನ ಅತ್ತೆಯೇ ಅದನ್ನು ಅವನಿಗೆ ಕಳಿಸಿ, 'ಕೊಡೆ ಮರೀಬೇಡಿ ಅಳಿಯಂದ್ರೇ' ಎಂದು ಬರೆದಿದ್ದರು. ಅಂಗಳದ ಮದುವೆಗಳೆಲ್ಲ ಒಂದೊಂದಾಗಿ ಛತ್ರ ಸೇರಿದವು. ಹವಾ ಗಣೇಶನದು, ಹೋದ ಮಾನ ಹೂವಯ್ಯನ ಬಟ್ಟೆಯದು.

"ಉಳಿದಿರೋದು ಕೋಣಂದೂರಿನ ಮಂಜುನಾಥಪ್ಪಾರ ಮನೆ ಮದುವೆ ಒಂದೇ," ಎಂದ ಹೂವಯ್ಯ. "ಅದೂ ಹೋದ್ರೆ ಹುಡುಗ್ರನ್ನೆಲ್ಲ ಊರಿಗೆ ಕಳ್ಸಿ, ಈ ಶಟರ್ ಹಿಂಗೇ ಇರ್ಲಿ ಅಂತ ಬಿಡೋದು. ನೀ ಯಾರ ದನಿ ಬೇಕಾದ್ರೂ ಮಾಡ್ತೀಯಲ. ಆ ಸಾಹೇಬ್ರ ದನಿಯಾಗೆ ಮಳೆ ಇಲ್ಲ ಅಂತ ಒಂದು ಮಾತು ಹೇಳು. ಸಾಕು."

ಗಣೇಶನಿಗೆ ಎರಡೂ ಕಡೆ ಗೋಡೆ. ಚೆನ್ನಾಗಿ ಮಾಡಿದರೆ ಮೊದಲನೆಯದೂ ಯಾರದೆಂದು ಗೊತ್ತಾಗುತ್ತದೆ. ಕೆಟ್ಟದಾಗಿ ಮಾಡಿದರೆ ಈ ಮನುಷ್ಯನ ಅಂಗಡಿ ಮುಚ್ಚುತ್ತದೆ. ಅವನು ಮಧ್ಯದ ದಾರಿ ಹಿಡಿದು, ಅರೆಬರೆ ಮಾಡಿದ.

"ಇದು ನೆಗಡಿಯಾದ ಗಣೇಶ," ಎಂದ ಹೂವಯ್ಯ. "ಇನ್ನೊಂದ್ಸಲ."

"ನಂಗೆ ಅವ್ರ ದನಿ ಅಷ್ಟು ಬರಲ್ಲ ಹೂವಣ್ಣ."

"ಬರ್ತದೆ. ಬರೋ ತನಕ ಶಟರ್ ತೆಗ್ಯಲ್ಲ."

ಅಂಗಿ ಬೆನ್ನಿಗೆ ಅಂಟಿತು. ಶೀಟು ಆಗಾಗ ಟಕ್ಕೆಂದು ಸದ್ದು ಮಾಡಿದಾಗಲೆಲ್ಲ ಹೂವಯ್ಯ "ಕಟ್" ಎನ್ನುತ್ತಿದ್ದ. ಕೊನೆಗೆ ಗಣೇಶ ಸೋತ. ಮೂಗಿನೊಳಗೆ ಮೋಡ ಕಟ್ಟಿತು. "ಮೋಡಗಳು ಪೂರ್ವಕ್ಕೆ ಚದುರಿದ್ದು, ಮೂರೂ ತಾಲ್ಲೂಕುಗಳಲ್ಲಿ ಒಣಹವೆ ಮುಂದುವರಿಯಲಿದೆ." ಹೂವಯ್ಯ ಅದನ್ನು ಮಂಜುನಾಥಪ್ಪನಿಗೆ ಕಳಿಸಿ, ಫೋನನ್ನು ಕುರ್ಚಿಯ ಮೇಲಿಟ್ಟು ಕಾದ. ಗಣೇಶ ಶಟರಿನ ಕಡೆ ಹೆಜ್ಜೆ ಹಾಕುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಹೂವಯ್ಯಾರೆ, ಕೇಳ್ದೆ," ಎಂದರು ಮಂಜುನಾಥಪ್ಪ ಸ್ಪೀಕರಿನಲ್ಲಿ. "ಹೋದ ವಾರ ಮಳೆ ಅಂದಿದ್ದ ಬಾಯಿ, ಈ ವಾರ ಬಿಸಿಲು ಅಂತದೆ. ಯಾವ್ದು ನಂಬ್ಲಿ? ಛತ್ರದವ್ರು ಸಂಜೆ ಒಳಗೆ ಹೇಳಿ ಅಂತ ಕೂತಾರೆ."

"ನನ್ ಯಾಕೆ ಕೇಳ್ತೀರಿ? ಸಾಹೇಬ್ರು ಇಲ್ಲೇ ಅದಾರೆ!" ಎಂದುಬಿಟ್ಟ ಹೂವಯ್ಯ. "ನನ್ ಹೆಂಡ್ತಿ ಕುಮುದನ ಅಣ್ಣನ ಜತೆ ಕಾರ್ಗಲ್‌ನಾಗೆ ಓದಿದವ್ರು. ಇಕ್ಕೇರಿ ದೇವಸ್ಥಾನ ನೋಡಕ್ಕೆ ಬಂದಿದ್ರು. ತಗಳಿ, ಮಾತಾಡಿ."

ಗಣೇಶ ಎರಡೂ ಕೈ ಆಡಿಸಿದ. ಫೋನು ಅವನ ಮೂಗಿನ ಕೆಳಗೇ ಬಂದು ನಿಂತಿತು. ಹಿಂದೆ ಕುರ್ಚಿಗಳ ಸಾಲು, ಮುಂದೆ ಹೂವಯ್ಯ.

"ನಮಸ್ಕಾರ," ಎಂದಿತು ಅಧಿಕಾರಿಯ ಮೂಗು.

ಆಚೆ ಕಡೆಯ ದನಿ ಎದ್ದು ನಿಂತು ಕೈಮುಗಿದಂತೆ ಮೆತ್ತಗಾಯಿತು. "ಸಾರ್, ನಮಸ್ಕಾರ ಸಾರ್. ಒಂದೇ ಒಂದು ಮಾತು. ನಮ್ಮವ್ವಂಗೆ ಮಂಚ ಬಿಟ್ಟು ಏಳಕ್ಕಾಗಲ್ಲ. ಅಂಗಳದಾಗೆ ಮದುವೆ ಮಾಡಿದ್ರೆ ಕಿಟಕಿಯಿಂದ ಮೊಮ್ಮಗಳ ಧಾರೆ ನೋಡ್ತಾಳೆ. ಛತ್ರ ಅಂದ್ರೆ ಅವಳಿಗಿಲ್ಲ. ಆ ದಿನ ಮಳೆ ಬರ್ತದಾ ಸಾರ್, ಇಲ್ವಾ?"

"ತೀರ್ಥಹಳ್ಳಿ ತಾಲ್ಲೂಕಿನ..." ಎಂದು ಶುರುಮಾಡಿದ ಗಣೇಶ. ಮುಂದಕ್ಕೆ ಹೋಗಲಾಗಲಿಲ್ಲ. ಆಗುಂಬೆ ಕಡೆಯಿಂದ ಯಾವ ಮಧ್ಯಾಹ್ನ ಯಾವ ಮೋಡ ಎದ್ದು ಬರುತ್ತದೆಂದು ಅವನಿಗೇನು ಗೊತ್ತು? ಕಿಟಕಿಯಾಚೆ ಧಾರೆಯ ಹೊತ್ತಿಗೆ ಸೀಲಿಂಗ್ ಬಟ್ಟೆ ನೀರು ತುಂಬಿ ಜೋತುಬಿದ್ದದ್ದು ಅವನ ಕಣ್ಣಿಗೆ ಕಟ್ಟಿತು. ಅವನು ಹೂವಯ್ಯನ ಮುಖ ನೋಡದೆ, ಮೂಗಿನಿಂದ ಇಳಿದು ತನ್ನ ಸ್ವಂತ ಗಂಟಲಿಗೆ ಬಂದ.

"ಮಂಜುನಾಥಪ್ಪಾರೆ, ನಾನು ಸಾಹೇಬ ಅಲ್ಲ. ಸಾಗರದ ಮೈಕಿನ ಗಣೇಶ. ಹೋದ ವಾರದ ಮಳೇನೂ ನಂದೇ, ಈಗಿನ ಬಿಸಿಲೂ ನಂದೇ. ಮಳೆ ಬರ್ತದೋ ಇಲ್ವೋ ನಂಗೆ ದೇವರಾಣೆ ಗೊತ್ತಿಲ್ಲ."

ಫೋನಿನಲ್ಲಿ ಮಂಜುನಾಥಪ್ಪ ಕೂಗಿದರು.

"ಅಯ್ಯಯ್ಯೋ ಸಾರ್! ಥೇಟು ನಮ್ ಗಣೇಶನೇ! ಅವ್ವಾ, ಇಲ್ ಕೇಳೇ, ಸಾಹೇಬ್ರು ಮಿಮಿಕ್ರಿ ಮಾಡ್ತಾರೆ! ಸಾರ್, ಇನ್ನೊಂದ್ಸಲ ಮಾಡಿ ಸಾರ್!"

"ಮಿಮಿಕ್ರಿ ಅಲ್ಲ. ನಿಜವಾಗ್ಲೂ ನಾನು ಗಣೇಶ."

"ಆ 'ನಿಜವಾಗ್ಲೂ' ನೋಡಿ! ಸೀರೆ ಮಾರೋವಾಗ ಹಿಂಗೇ ಅಂತಾನೆ!" ಆಚೆ ಮನೆಯವರೆಲ್ಲ ಒಟ್ಟಿಗೆ ನಕ್ಕರು. ಅದರೊಳಗೆ ಒಂದು ಮುದಿ ನಗು ಕೆಮ್ಮಿನವರೆಗೆ ಹೋಗಿ ವಾಪಸ್ಸು ಬಂತು. "ದೊಡ್ಡ ಹುದ್ದೆಯಾಗಿದ್ರೂ ಎಂತ ತಮಾಷೆ ಸಾರ್ ನಿಮ್ದು! ಇಷ್ಟು ನಗಿಸ್ತಾ ಇದೀರಿ ಅಂದ್ರೆ ಮಳೆ ಇಲ್ಲ ಅಂತಾತು. ಹೂವಯ್ಯಾರೆ, ಛತ್ರಕ್ಕೆ ಬೇಡ ಅಂತೀನಿ. ಚಪ್ಪರ ನಿಮ್ದೇ."

ಫೋನು ಆರಿತು. ಗಣೇಶ ತಲೆಯೆತ್ತಲಿಲ್ಲ. ಬೈಗುಳಕ್ಕೆ, ಕಪಾಳಕ್ಕೆ, ಏನಕ್ಕಾದರೂ ಸರಿ, ಕಾದ. ಬಂದದ್ದು ನಗು. ಹೂವಯ್ಯ ಬಟ್ಟೆಯ ಗಂಟಿನ ಮೇಲೆ ಕುಸಿದು, ತೊಡೆ ಬಡಿದುಕೊಂಡು, ಕೋಣಂದೂರಿನ ಇಡೀ ಮನೆ ನಕ್ಕದ್ದಕ್ಕಿಂತ ಜೋರಾಗಿ ನಕ್ಕ. ನಗು ಶೀಟಿಗೆ ತಾಗಿ ಇಬ್ಬರ ಮೇಲೂ ಬಿತ್ತು.

"ನಿಂಗೆ ಯಾವಾಗ ಗೊತ್ತಾತು ಹೂವಣ್ಣ?"

"ಮೊದಲ್ನೇ ದಿನಾನೇ!" ಹೂವಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಇದು ನಮ್ ಗಣೇಶಂದು, ಇದು ನಮ್ ಗಣೇಶಂದು ಅಂತ ಮನೆಮನೆಗೆ ಹೋಗಿ ಹೇಳ್ದೆ ಮಾರಾಯ. ಒಬ್ರೂ ನಂಬ್ಲಿಲ್ಲ. ವ್ಯಾಪಾರ ಹೋಗ್ತದೆ ಅಂತ ಸುಳ್ಳು ಹೇಳ್ತಾನೆ ಅಂದ್ರು. ಈಗ ನೀನೇ ಹೇಳಿದ್ರೂ..." ಮುಂದಿನ ಮಾತನ್ನು ನಗು ನುಂಗಿತು.

"ಮಳೆ ಬಂದ್ರೆ?"

"ನೀ ಅಲ್ಲೇ ಇರ್ತೀಯಲ. ಆ ಮುದುಕಮ್ಮನ ಕಿಟಕಿ ಹತ್ರ. ಸಾಹೇಬ್ರು ಬಂದಾರೆ ಅಂತ ನಾನೇ ಕೂರಿಸ್ತೀನಿ, ಉತ್ತರ ನೀನೇ ಹೇಳು."

ಅವನು ಎದ್ದು, ತಾನು ಕೂತಿದ್ದ ಗಂಟನ್ನೇ ಬಿಚ್ಚಿದ. ಚಿನ್ನದ ಬಣ್ಣದ ಬಟ್ಟೆ ನೆಲದ ಮೇಲೆ ಹರಡಿಕೊಂಡಿತು. "ತಗಾ, ಆ ತುದಿ ಹಿಡ್ಕಾ. ಎಲ್ಲಾದ್ರೂ ಹರಿದೈತಾ ನೋಡನ." ಗಣೇಶ ಹಿಡಿದ. ಶಟರು ಇನ್ನೂ ಮುಚ್ಚಿಯೇ ಇತ್ತು. ಹೂವಯ್ಯ ಇನ್ನೊಂದು ತುದಿ ಹಿಡಿದು, ಹಿಂದೆ ಹಿಂದೆ ಸರಿಯುತ್ತ, ಕತ್ತಲ ಮೂಲೆಗೆ ಹೋಗಿ ನಿಂತ. ಅವನ ಮುಖ ಕಾಣುತ್ತಿರಲಿಲ್ಲ. ನಗು ಮಾತ್ರ ಬಟ್ಟೆಯುದ್ದಕ್ಕೂ ಸಣ್ಣ ಅಲೆಯಾಗಿ ಬಂದು ಗಣೇಶನ ಬೆರಳುಗಳನ್ನು ಅಲುಗಿಸುತ್ತಿತ್ತು.