ಆ ಸಿಸ್ಟರನ್ನು ಕರೆದವರು ಯಾರು?

"ಅಪ್ಪ ಕಣ್ಮುಚ್ಚಿದಾಗ ಅವಳೇ ಪಕ್ಕದಲ್ಲಿದ್ಳು. ಆ ವಾರ್ಡಲ್ಲಿ ಯಾರು ಸತ್ರೂ ಅವಳೇ ಇರ್ತಿದ್ಳಂತೆ. ಇನ್ನೇನು ಬೇಕು?" ಎಂದು ಟೈಲರ್ ಹಲ್ಲು ಕಡಿದ.

ಊರೆಲ್ಲ ಅದೇ ಮಾತು. ಇಂಜೆಕ್ಷನ್ ಕೊಟ್ಟು ರೋಗಿಗಳನ್ನು ಕೊಂದಳೆಂದು ಆಸ್ಪತ್ರೆಯ ಸಿಸ್ಟರ್ ಜೈಲಿನಲ್ಲಿದ್ದಳು. ಮರುದಿನ ಟೈಲರ್ ಅವಳ ವಿರುದ್ಧ ಸಾಕ್ಷಿ ಹೇಳಬೇಕಿತ್ತು. ಕತ್ತರಿಗಿಂತ ಅವನ ಬಾಯಿಯೇ ಜೋರು. ಅಂದಂತೂ ಕೇಳುವುದೇ ಬೇಡ.

ಪಕ್ಕದ ಮನೆಯ ನಿವೃತ್ತ ಡಾಕ್ಟರಮ್ಮ ಕೋಟಿಗೆ ಗುಂಡಿ ಹಾಕಿಸಲು ಬಂದಿದ್ದರು.

"ನಿನ್ನ ಅಂಗಡಿಗೆ ವಾಪಸ್ ಬರೋ ಬಟ್ಟೆ ಎಲ್ಲಾ ಬಿಗಿಯೋ ಸಡಿಲವೋ ಆಗಿರ್ತವೆ, ಅಲ್ವೇನಪ್ಪ?"

"ಸರಿಯಾಗಿದ್ರೆ ಯಾಕೆ ವಾಪಸ್ ತರ್ತಾರೆ, ಡಾಕ್ಟ್ರಮ್ಮ?"

"ಬರೀ ಅವನ್ನೇ ಎಣಿಸಿ, ಇವನು ಹೊಲಿದಿದ್ದೆಲ್ಲ ಕೆಡುತ್ತೆ ಅಂದ್ರೆ?"

"ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ!"

"ಅವಳಿಗೂ ಹಾಗೇ ಮಾಡಿದಾರೆ. ಅನುಮಾನ ಬಂದ ಮೇಲೆ, ಅವಳಿದ್ದಾಗಿನ ಸಾವುಗಳನ್ನಷ್ಟೇ ಹುಡುಕಿ ಎಣಿಸಿದ್ರು. ಅವಳಿಲ್ಲದಾಗ ಸತ್ತವರು? ಅವಳ ಆರೈಕೆಯಲ್ಲಿ ಬದುಕಿ ಮನೆಗೆ ಹೋದವರು? ಅವರ ಲೆಕ್ಕವೇ ಇಲ್ಲ. ಆ ಸಾವುಗಳು ಕೊಲೆ ಅಂತ ವರದಿ ಬರೆದ ಡಾಕ್ಟರಿಗೂ ಮೊದಲೇ ಕಿವಿಯಲ್ಲಿ ಊದಿದ್ರು, ಇವಳ ಮೇಲೇ ಅನುಮಾನ ಅಂತ. ಕೋರ್ಟಲ್ಲಿ ಅವರೇ ಒಪ್ಪಿಕೊಂಡ್ರಲ್ಲ!"

"ಆದ್ರೂ ಅಪ್ಪನ ಹತ್ರ ಅವಳಿದ್ದದ್ದು ಸುಳ್ಳಾ?"

"ಆಗ ಅವಳ ಡ್ಯೂಟಿ ಇತ್ತಾ?"

"ಇಲ್ಲ, ಮನೆಗೆ ಹೊರಟಿದ್ಳು. ಅಪ್ಪನಿಗೆ ಉಸಿರು ಕಟ್ತು. ಅವಳ ಕೈಗುಣ ಚೆನ್ನಾಗಿದೆ ಅಂತ ನಾನೇ ಓಡಿಹೋಗಿ..."

ಟೈಲರ್ ಕೈಯಲ್ಲಿದ್ದ ಕೋಟನ್ನು ಕೆಳಗಿಟ್ಟ.

ಒಳಗಿನಿಂದ ಹೆಂಡತಿ ಅಂದಳು: "ಯಾರಿಗೆ ಕಾಯಿಲೆ ಜೋರಾದ್ರೂ ಎಲ್ಲರೂ ಅವರನ್ನೇ ಕರೀತಿದ್ರು. ಕರೆದವರು ನಾವು, ಜೈಲಲ್ಲಿರೋದು ಅವರು."

ಮರುದಿನ ಟೈಲರ್ ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನ ಮಾತು ಕೇಳಿ ಬೇರೆ ಮನೆಯವರೂ ಎದ್ದು ಬಂದು ತಾವೂ ಕರೆದಿದ್ದೆವೆಂದರು. ಕೋರ್ಟ್ ನೇಮಿಸಿದ ಹೊಸ ವೈದ್ಯರೊಬ್ಬರು, ಯಾರ ಮೇಲೆ ಅನುಮಾನವೆಂದು ತಿಳಿಯದೆ, ಎಲ್ಲ ಸಾವುಗಳನ್ನೂ ಪರೀಕ್ಷಿಸಿದರು. ಕೊಲೆಯ ಕುರುಹು ಎಲ್ಲೂ ಸಿಗಲಿಲ್ಲ. ಆಕೆ ಇಲ್ಲದಾಗಲೂ ಅಷ್ಟೇ ಜನ ಸತ್ತಿದ್ದರು.

ಬಿಡುಗಡೆಯಾದ ಸಿಸ್ಟರ್ ಒಂದು ಸಂಜೆ ಅಂಗಡಿಗೆ ಬಂದಳು. ಟೈಲರ್ ಎದ್ದು ಕೈಮುಗಿದ.

"ಅವತ್ತೇ ಹೇಳಬೇಕಿತ್ತು, ತಾಯಿ. ಅಪ್ಪನ ಕೈ ಹಿಡ್ಕೊಂಡು ಕೊನೇ ತನಕ ಕೂತಿದ್ರಿ. ನಿಮ್ಮ ಋಣ ಹೇಗೆ ತೀರಿಸಲಿ?"

"ನಿಜ ಹೇಳಿ ನನ್ನನ್ನ ಮನೆಗೆ ಕಳಿಸಿದ್ರಲ್ಲಣ್ಣ," ಎಂದು ಆಕೆ ಕಣ್ಣೊರೆಸಿಕೊಂಡಳು.

ಕೇಳಿದಿರಲ್ಲ, ಬಂಧುಗಳೇ? "ಅವಳಿದ್ದಾಗಲೇ ಆಯಿತು" ಎಂದು ನಾಳೆ ಯಾರಾದರೂ ಬೆರಳು ತೋರಿಸಿದರೆ ಸುಮ್ಮನೆ ತಲೆ ಆಡಿಸಬೇಡಿ. ಅವಳಿಲ್ಲದಾಗ ಏನಾಯಿತು ಎಂದು ಕೇಳಿ. ಅವಳನ್ನು ಕರೆದವರು ಯಾರು ಎಂದೂ ಕೇಳಿ. ನಾವೇ ಆಗಿರಬಹುದು.