ಕಟಿಂಗ್ ಶಾಪಿನ ಪ್ರೊಪೆಲರ್

ಅಪ್ಪ ಪ್ರೊಪೆಲರನ್ನು ಗದೆಯ ಹಾಗೆ ಹೆಗಲ ಮೇಲೆ ಹೊತ್ತು ವಿಮಾನ ನಿಲ್ಲಿಸುವ ಹ್ಯಾಂಗರಿನೊಳಗೆ ಬಂದ ಠೀವಿ ನೋಡಿ ಮಗಳಿಗೆ ಮೊದಲು ನಗು ಬಂತು. ಆಮೇಲೆ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟಳು.

"ಇದನ್ನ ಎಲ್ಲಿಂದ ಎತ್ಕೊಂಡು ಬಂದೆ?"

"ಎತ್ಕೊಂಡು ಬರೋಕೆ ನಾನೇನು ಕಳ್ಳನಾ? ಕಟಿಂಗ್ ಶಾಪಿನ ಗೋಡೆ ಮೇಲಿತ್ತಲ್ಲ, ಅದೇ. ನಮ್ಮ ವಿಮಾನದ್ದೇ ಮಾಡೆಲ್ಲು. ನಮ್ಮ ಸೊಟ್ಟ ಪ್ರೊಪೆಲರ್ ಅವನಿಗೆ ಕೊಟ್ಟೆ, ಈ ನೆಟ್ಟಗಿರೋದು ನಂಗೆ ಕೊಟ್ಟ. ದಡ್ಡ!"

ಮಗಳು ಆ ಪುಟ್ಟ ವಿಮಾನ ನಿಲ್ದಾಣದ ಮೆಕ್ಯಾನಿಕ್. ಅವಳ ರುಜು ಬೀಳದೆ ಅಲ್ಲಿಂದ ಒಂದು ವಿಮಾನವೂ ಮೇಲೇಳುವಂತಿರಲಿಲ್ಲ, ಹೆತ್ತಪ್ಪನದಾದರೂ ಅಷ್ಟೇ. ಅಪ್ಪನೋ ಜೀವಮಾನವಿಡೀ ಹೊಲಗಳ ಮೇಲೆ ಔಷಧಿ ಸಿಂಪಡಿಸುತ್ತ ಹಾರಿದವನು. ಈಗ ಕಣ್ಣು ಮಂಜಾಗುತ್ತಿತ್ತು. ಈ ತಿಂಗಳು ಮುಗಿದ ಮೇಲೆ ಹಾರುವ ಮಾತೇ ಇಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ತಿಂಗಳು ಮುಗಿಯುತ್ತ ಬಂದಿತ್ತು. ಕೊನೆಯ ಸಲ ಒಂದು ಸುತ್ತು ಹೊಡೆಯಬೇಕು ಎನ್ನುವಾಗಲೇ ಆ ಕುರ್ಚಿ ಅಡ್ಡ ಬಂದಿತ್ತು.

ಕುರ್ಚಿ ಮಾವನದು, ಎಂದರೆ ಅವಳ ಅಮ್ಮನ ಅಣ್ಣನದು. ಪಕ್ಕದ ಹ್ಯಾಂಗರಿನಲ್ಲಿ ಮಾವನಿಗೂ ಅದೇ ಮಾಡೆಲ್ಲಿನ ವಿಮಾನವಿತ್ತು. ಅವನು ಬಾಗಿಲ ಮುಂದೆ ಕಬ್ಬಿಣದ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಬುದ್ಧಿ ಹೇಳುತ್ತ ಕೂರುವವನು. ಅವನು ಟೀ ಕುಡಿಯಲು ಎದ್ದು ಹೋಗಿದ್ದಾಗ ರನ್‌ವೇ ಕಡೆಗೆ ಹೊರಟ ಅಪ್ಪನ ವಿಮಾನ ನೇರ ಹೋಗಿ ಕುರ್ಚಿಗೆ ಹೊಡೆಯಿತು. ಪ್ರೊಪೆಲರ್ ಸೊಟ್ಟಗಾಯಿತು. ಎಂಜಿನ್ ಬಿಚ್ಚಿ ನೋಡಿ, ಪುಣ್ಯಕ್ಕೆ ಅದಕ್ಕೇನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಮಗಳ ಸೊಂಟ ಬಿದ್ದುಹೋಯಿತು. "ಕುರ್ಚಿ ದಾರಿಯಲ್ಲಿತ್ತು" ಎಂದ ಅಪ್ಪ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದ ಮಾವ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

"ಅಪ್ಪಾ, ಮಾವನ್ನ ಕೇಳಿದ್ರೆ ಅವರದ್ದನ್ನೇ ಬಿಚ್ಚಿ ಕೊಡ್ತಾರೆ."

"ಅವನ ಮುಂದೆ ಕೈಚಾಚೋ ಬದಲು ಮೊರ ಕಟ್ಕೊಂಡು ಹಾರ್ತೀನಿ. ಹಾಕು ಇದನ್ನ."

"ಇದು ಎಷ್ಟು ಹಾರಿದೆ, ಎಲ್ಲಿ ಬಿದ್ದಿದೆ, ಯಾರು ರಿಪೇರಿ ಮಾಡಿದ್ರು? ಒಂದು ಕಾಗದ ಇಲ್ಲ."

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ಳಂತೆ! ಕಾಗದ ಯಾಕೆ, ಕಟಿಂಗ್ ಶಾಪಿನವನನ್ನೇ ಕೇಳು. ಅದರ ಚರಿತ್ರೆಯೆಲ್ಲ ಅವನ ಬಾಯಲ್ಲಿದೆ."

ಮಗಳು ಅಂಗಡಿಗೇ ಹೋಗಿ ಕೇಳಿದಳು. ಚರಿತ್ರೆಗೇನೂ ಬರವಿರಲಿಲ್ಲ. ಕಟಿಂಗ್ ಶಾಪಿನವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ಶುರು ಮಾಡಿದ: "ಹಿಮದ ಬೆಟ್ಟ ದಾಟಿದ್ದು ಅಕ್ಕಾ ಅದು." ನೊರೆಯೊಳಗಿಂದ ಗಿರಾಕಿ ಬಾಯಿ ಬಿಟ್ಟ: "ಹೋದ ಸಲ ಸಮುದ್ರ ದಾಟಿದ್ದು ಅಂದ್ಯಲ್ಲೋ?" ಕತ್ತಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. "ಸಮುದ್ರ ದಾಟಿದ ಮೇಲೇ ಅಲ್ವಾ ಸ್ವಾಮಿ ಬೆಟ್ಟ ಸಿಗೋದು? ಅಲ್ಲಾಡಬೇಡಿ."

ಮಗಳು ಹಿಂತಿರುಗಿ ಬಂದು, ಅವನ ಬಾಯಿಯನ್ನು ನಂಬದೆ ಪ್ರೊಪೆಲರನ್ನೇ ಕೇಳಿದಳು. ಅದರ ನಡುವಿನ ತೂತಿಗೆ ಸರಳು ತೂರಿಸಿ ತೂಗುವ ಸ್ಟ್ಯಾಂಡಿನ ಮೇಲಿಟ್ಟಳು. ಸರಿಯಾಗಿರುವ ಪ್ರೊಪೆಲರ್ ಹೇಗೆ ನಿಲ್ಲಿಸಿದರೆ ಹಾಗೇ ನಿಲ್ಲಬೇಕು. ಇದು ನಿಲ್ಲಲಿಲ್ಲ. ಒಂದು ಅಲಗು ಪ್ರತಿ ಸಲವೂ ಮೇಲಕ್ಕೇ ತಿರುಗಿತು.

"ನೋಡು, ಅದಕ್ಕೂ ಹಾರೋ ಆಸೆ" ಎಂದ ಅಪ್ಪ.

ಆಸೆಪಟ್ಟ ಅಲಗಿನ ಹೊಸ ಬಣ್ಣವನ್ನು ಅವಳು ಕೆರೆದಳು. ಬಿಳಿ ಪುಟ್ಟಿ ಪುಡಿಪುಡಿಯಾಗಿ ಉದುರಿತು. ಕೆಳಗೆ ಸಾಲಾಗಿ ತೂತುಗಳು. ಕಣ್ಣಿಟ್ಟರೆ ಆಚೆಗೆ ಹ್ಯಾಂಗರಿನ ಬಾಗಿಲು ಕಾಣುತ್ತಿತ್ತು.

ಫೋನಿನಲ್ಲಿ ಕಟಿಂಗ್ ಶಾಪಿನವನಿಗೆ ಸಂಕೋಚವೇ ಇರಲಿಲ್ಲ. "ಟವೆಲ್ ನೇತುಹಾಕೋ ಕೊಕ್ಕೆಗೆ ಕೊರೆಸಿದ್ದೆ ಅಕ್ಕಾ. ಯಜಮಾನ್ರು ತಗೊಂಡು ಹೋಗ್ತಾರಲ್ಲ, ಚೆನ್ನಾಗಿ ಕಾಣ್ಲಿ ಅಂತ ಮುಚ್ಚಿ ಬಣ್ಣ ಹೊಡೆದೆ. ಹಾರಿಸ್ತಾರೆ ಅಂತ ಯಾರಿಗೆ ಗೊತ್ತು? ಅವರ ಮನೇಲೂ ಟವೆಲ್ ಇರಲ್ವಾ?"

ಅಪ್ಪ ತೂತಿನೊಳಗೆ ಬೆರಳಿಟ್ಟು ನೋಡಿದ. "ಸಣ್ಣ ತೂತು ಕಣೇ. ಒಂದೇ ಒಂದು ಸುತ್ತು..." ಅವನ ದನಿ ಮಗುವಿನಂತಾಯಿತು. ರುಜು ಹಾಕಲು ಅರೆಕ್ಷಣ ಸಾಕಾಗಿತ್ತು.

"ಗಾಳೀಲಿ ಈ ಅಲಗು ತುಂಡಾದ್ರೆ ಎಂಜಿನ್ನೇ ಕಿತ್ಕೊಂಡು ಬರುತ್ತೆ. ನಾನು ರುಜು ಹಾಕಲ್ಲ ಅಪ್ಪಾ. ನೀನು ಇನ್ನೆಂದೂ ಹಾರಕ್ಕಾಗದೇ ಹೋದ್ರೂ ಹಾಕಲ್ಲ."

ಅಪ್ಪ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಅಂಗಿ ಸರಿಮಾಡಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಹೊರಟವನಂತೆ ಪಕ್ಕದ ಹ್ಯಾಂಗರಿಗೆ ಹೋದ.

ಮಾವ ಅದೇ ಕುರ್ಚಿಯಲ್ಲಿದ್ದ. ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದ್ದರೂ ಅದು ಒಂದು ಕಡೆಗೆ ವಾಲಿಯೇ ಇತ್ತು.

"ನಿನ್ನ ಪ್ರೊಪೆಲರ್ ಬೇಕಿತ್ತು" ಎಂದ ಅಪ್ಪ, ನೆಲ ನೋಡುತ್ತ.

"ಕುರ್ಚಿ ಎಲ್ಲಿತ್ತು?"

"ಈಗ ಅದ್ಯಾಕೆ?"

"ಎಲ್ಲಿತ್ತು ಭಾವ?"

ಅಪ್ಪ ಕೆಮ್ಮಿದ. "ಅದರ ಜಾಗದಲ್ಲೇ ಇತ್ತು. ನಂಗೆ ಕಾಣ್ಲಿಲ್ಲ."

ಮಾವ ಎದ್ದು ಸ್ಪ್ಯಾನರ್ ತಂದ. "ಆದ್ರೆ ಪಕ್ಕದ ಸೀಟಲ್ಲಿ ನಾನು ಕೂರ್ತೀನಿ. ನಿನಗೆ ಕಾಣದ್ದು ನನಗೆ ಕಾಣುತ್ತೆ."

"ಬಾಯಿ ಮುಚ್ಕೊಂಡು ಕೂರೋದಾದ್ರೆ ಬಾ."

"ಅದೊಂದು ಬಿಟ್ಟು ಬೇರೇನಾದ್ರೂ ಕೇಳು."

ಮಗಳು ಮಾವನ ಪ್ರೊಪೆಲರನ್ನು ಬಿಚ್ಚಿ, ತೂಗಿ, ಅಪ್ಪನ ವಿಮಾನಕ್ಕೆ ಜೋಡಿಸಿ, ಎಂಜಿನ್ ಓಡಿಸಿ ನೋಡಿ, ರುಜು ಹಾಕಿದಳು. ಭಾವಂದಿರಿಬ್ಬರೂ ಯಾವ ಬೆಲ್ಟ್ ಯಾರದು ಎಂದು ಜಗಳವಾಡುತ್ತಲೇ ಹತ್ತಿ ಕೂತರು. ದಣಿದ ಅವಳು ಬಾಗಿಲ ಮುಂದಿನ ಮಾವನ ಕುರ್ಚಿಯಲ್ಲಿ ಕುಸಿದಳು.

ಕಿಟಕಿಯಿಂದ ಅಪ್ಪನ ತಲೆ ಹೊರಬಂತು. "ಏಯ್, ಕೂತ್ಕೋಬೇಡ್ವೇ! ಮೊದಲು ಆ ಕುರ್ಚಿ ಎತ್ತು!"